ಗ್ಯಾಲರಿಗೆ ಹೋಗಿದ್ದ ಚರಂಡಿ ದುಡ್ಡು ವಾಪಸ್ ಬಂದದ್ದು ಹೀಗೆ

ಕಳೆದ ವಾರ ನಮ್ಮ ಓಣಿಯ ಚರಂಡಿಗೆ ಕಾರ್ಯಾದೇಶ (ಕೆಲಸ ಶುರುಮಾಡಿ ಅಂತ ಗುತ್ತಿಗೆದಾರರಿಗೆ ಕೊಡುವ ಆದೇಶ) ಆಯಿತು. ಅದರ ಜೆರಾಕ್ಸ್ ಪ್ರತಿಯನ್ನು ನನ್ನ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಬ್ಲೌಸ್ ಅಳತೆ ಕೊಡಲು ಬಂದವರು ಅದನ್ನು ಓದಿ, "ನಮ್ಮ ವಾರ್ಡಿಗೂ ಹಿಂಗೇ ಒಂದು ಮಾಡಿಸ್ಕೊಡಕ್ಕ" ಅನ್ನುತ್ತಿದ್ದಾರೆ. ಮಾಡಿಸಿಕೊಡುವಷ್ಟು ದೊಡ್ಡವಳು ನಾನಲ್ಲ. ಆದರೆ ಯಾವ ಕಾಗದ ಯಾರಿಗೆ ಕೊಟ್ಟೆವು, ಎಲ್ಲಿ ಸಿಕ್ಕಿಹಾಕಿಕೊಂಡೆವು, ಎಷ್ಟು ಖರ್ಚಾಯಿತು ಅಂತ ಹೇಳಬಲ್ಲೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ಊರಿನ ಹೆಸರು ಹಾಕುತ್ತಿಲ್ಲ. ನಾಳೆ ಖಾತೆ ನಕಲು, ಅಂಗಡಿ ಲೈಸೆನ್ಸ್ ಅಂತ ನಾನು ಅದೇ ಪುರಸಭೆಯ ಮೆಟ್ಟಿಲು ಹತ್ತಬೇಕು. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ, ಸಾಕು.

ನಮ್ಮ ಓಣಿ ಮತ್ತು ಅದಕ್ಕೆ ಅಂಟಿಕೊಂಡ ಪರಿಶಿಷ್ಟರ ಕಾಲೊನಿಯ ಹಿಂಭಾಗದಲ್ಲಿ ಮೊದಲು ಒಂದು ತಗ್ಗು ಮೈದಾನವಿತ್ತು. ಊರ ಮಳೆನೀರೆಲ್ಲ ಅಲ್ಲಿಗೆ ಹರಿದು, ನಿಂತು, ನಾಲ್ಕು ದಿನದಲ್ಲಿ ಇಂಗುತ್ತಿತ್ತು. ನೆಲ ಒಣಗಿದ ಮೇಲೆ ಹುಡುಗರು ವಾಲಿಬಾಲ್ ಬಲೆ ಕಟ್ಟುತ್ತಿದ್ದರು. ಹೈಸ್ಕೂಲಿನಲ್ಲಿ ನಾನು ಖೋ ಖೋ ಕಲಿತದ್ದೂ ಅಲ್ಲೇ. ಕೆಲವು ವರ್ಷದ ಹಿಂದೆ ಅದಕ್ಕೆ ಲಾರಿಗಟ್ಟಲೆ ಗ್ರಾವೆಲ್ ಹೊಡೆದು ಎತ್ತರ ಮಾಡಿದರು, ಸುತ್ತ ಕಾಂಪೌಂಡ್ ಎಬ್ಬಿಸಿದರು, ಒಂದು ಕಡೆ ಸಿಮೆಂಟಿನ ಗ್ಯಾಲರಿ ಕಟ್ಟಿದರು, ರಸ್ತೆಗೆ ಮುಖ ಮಾಡಿ ದೊಡ್ಡ ಕಮಾನು ನಿಲ್ಲಿಸಿದರು. ತಾಲ್ಲೂಕು ಕ್ರೀಡಾಂಗಣ ಅಂತ ಬೋರ್ಡ್ ಬಿತ್ತು. ನೀರಿಗೆ ಹೋಗಲು ಜಾಗ ಉಳಿಯಲಿಲ್ಲ, ನಮ್ಮ ಕಡೆ ತಿರುಗಿತು.

ಈಗ ಜೋರು ಮಳೆ ಬಂದರೆ ನೀರು ಬಾಗಿಲಿನಿಂದ ಬರುವುದಕ್ಕೆ ಮೊದಲೇ ಬಚ್ಚಲ ತೂಬಿನಿಂದ ಬರುತ್ತದೆ. ಹೊರಗಿನ ಚರಂಡಿ ತುಂಬಿದ ತಕ್ಷಣ ತೂಬಿನಲ್ಲಿ ಗುಳುಗುಳು ಸದ್ದು, ಹಿಂದೆಯೇ ಕಪ್ಪು ನೀರು. ಅಮ್ಮ ತೂಬಿಗೆ ಹಳೆ ಸೀರೆ ಉಂಡೆ ಮಾಡಿ ತುರುಕಿ, ಮೇಲೆ ರುಬ್ಬುಗುಂಡು ಇಡುತ್ತಾರೆ. ಕಾಲೊನಿಯ ತಗ್ಗಿನ ಸಾಲಿನ ಮನೆಗಳಲ್ಲಿ ಅದೂ ನಿಲ್ಲುವುದಿಲ್ಲ. ಅಲ್ಲಿ ಅಕ್ಕಿ ಡಬ್ಬ, ಶಾಲೆ ಬ್ಯಾಗು ಎಲ್ಲವೂ ಮಳೆಗಾಲ ಪೂರ್ತಿ ಅಟ್ಟದ ಮೇಲೇ.

ಚರಂಡಿ ದೊಡ್ಡದು ಮಾಡಿಸಿ ಅಂತ ಕಾಲೊನಿಯವರು ನಮಗಿಂತ ಎಷ್ಟೋ ವರ್ಷ ಮೊದಲಿನಿಂದ ಕೇಳುತ್ತಿದ್ದರು. ಉತ್ತರ ಒಂದೇ: "ಫಂಡ್ ಇಲ್ಲ." ಕಳೆದ ಮಳೆಗಾಲದ ಕೊನೆಗೆ ನಾನೂ ಹೋಗಿ ವಾರ್ಡ್ ಸದಸ್ಯರನ್ನು ಕೇಳಿದೆ. "ಫಂಡ್ ಇಲ್ಲಕ್ಕ, ಬಂದ ಕೂಡ್ಲೆ ಮೊದ್ಲು ನಿಮ್ದೇ" ಅಂದರು. ಆಮೇಲೆ ದಸರಾ ಸುಮಾರಿಗೆ ಕಮಾನಿನ ಕೆಳಗೆ ಶಾಮಿಯಾನ, ಫ್ಲೆಕ್ಸ್, ಗುದ್ದಲಿ ಪೂಜೆ. ಕ್ರೀಡಾಂಗಣದ ಎರಡನೇ ಹಂತ: ಗ್ಯಾಲರಿಗೆ ಮೇಲ್ಛಾವಣಿ ಮತ್ತು ಗಣ್ಯರ ಕೊಠಡಿ. ಫಂಡ್ ಇಲ್ಲದ ಊರಿನಲ್ಲಿ ಇದು ಯಾವ ಫಂಡ್ ಎಂಬ ಪ್ರಶ್ನೆ ಹುಟ್ಟಿದ್ದೇ ಆ ಫ್ಲೆಕ್ಸ್ ನೋಡಿ.

ಮೊದಲ ಕೆಲಸ ಮನವಿ ಪತ್ರ. ನಮ್ಮ ಓಣಿ ಮತ್ತು ಕಾಲೊನಿ ಸೇರಿ ಮುಖ್ಯಾಧಿಕಾರಿಗೆ ಒಂದು ಮನವಿ ಬರೆದೆವು. ಸಹಿ ಸಂಗ್ರಹಿಸಿದ್ದು ಕಾಲೊನಿಯ ಯುವಕ ಸಂಘದ ಹುಡುಗರು. ನನ್ನ ಪಾಲು ಬರವಣಿಗೆ ಮಾತ್ರ. ಮಳೆ ಬಂದ ರಾತ್ರಿ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಲಗತ್ತಿಸಿದೆವು. ಇಲ್ಲಿ ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಮನವಿಯನ್ನು ಸಾಹೇಬರ ಕೈಗೆ ಕೊಟ್ಟು ಫೋಟೊ ಹೊಡೆಸಿಕೊಂಡು ಬರಬೇಡಿ. ಟಪಾಲು ಶಾಖೆಗೆ ಹೋಗಿ, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಆ ಸಂಖ್ಯೆ ಇಲ್ಲದ ಕಾಗದ ಆ ಕಟ್ಟಡದೊಳಗೆ ಹುಟ್ಟಿಯೇ ಇಲ್ಲ. ನಮಗೆ ಮೊಹರು ಹಾಕಿಕೊಡಲು ಗುಮಾಸ್ತರು ಮೀನಮೇಷ ಎಣಿಸಿದರು, "ಸಾಹೇಬ್ರು ಮಾರ್ಕ್ ಮಾಡ್ಲಿ ಮೇಡಂ" ಅಂದರು. ಹುಡುಗರು ಕದಲದೆ ನಿಂತರು. ಊಟದ ಹೊತ್ತಿಗೆ ಮೊಹರು ಬಿತ್ತು.

ಮನವಿಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿದು, ಪುರಸಭೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ನಮ್ಮ ಸದಸ್ಯರು ಒಂದೇ ರಾತ್ರಿಗೆ ಮಾಜಿಯಾದರು. "ಈಗ ನನ್ ಕೈಲೇನೈತೆ ಅಕ್ಕ" ಅಂದರು. ಕೈಯಲ್ಲಿ ಇದ್ದಾಗಲೂ ಏನೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಆಮೇಲೆ ಬಜೆಟ್ ಪೂರ್ವಭಾವಿ ಸಭೆ. ಪ್ರತಿ ಪುರಸಭೆಯೂ ಆಯವ್ಯಯ ಮಾಡುವ ಮುನ್ನ ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯಬೇಕು. ಸಾಮಾನ್ಯವಾಗಿ ಡಿಸೆಂಬರ್, ಜನವರಿ ಸುಮಾರಿಗೆ ನಡೆಯುತ್ತದೆ. ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಪ್ರಕಟಣೆ ಬರುತ್ತದೆ, ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸುತ್ತಾರೆ. ಯಾರೂ ಹೋಗುವುದಿಲ್ಲ. ನಾವು ಹೋದಾಗ ಇದ್ದವರು ನಿವೃತ್ತ ನೌಕರರು, ಒಂದಿಬ್ಬರು ಗುತ್ತಿಗೆದಾರರು, ಬೆಳಗಿನ ವಾಕಿಂಗ್ ಬಳಗದವರು. ವಾಕಿಂಗ್‌ನವರ ಬೇಡಿಕೆ ಕ್ರೀಡಾಂಗಣದೊಳಗೆ ನಡಿಗೆ ಪಥ. ಮಾಜಿ ಸದಸ್ಯರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ನಾನು ಎದ್ದು, ಮೇಲ್ಛಾವಣಿ ಒಂದು ವರ್ಷ ತಡವಾದರೆ ಯಾರಿಗೂ ನಷ್ಟವಿಲ್ಲ, ಚರಂಡಿ ತಡವಾದರೆ ಮನೆಯೊಳಗೆ ನೀರು, ಇದನ್ನು ನಡವಳಿಯಲ್ಲಿ ಬರೆದುಕೊಳ್ಳಿ ಅಂದೆ. ಮುಂದಿನ ಸಾಲಿನಿಂದ ಒಬ್ಬರು ತಿರುಗಿ, "ಏನಮ್ಮ, ಬೆಂಗಳೂರಿಗೆ ಸಾವಿರದ ಆರ್ನೂರು ಕೋಟಿ ಸ್ಟೇಡಿಯಂ ಆಗ್ತೈತಿ, ನಮ್ಮೂರಿಗೆ ಒಂದು ತಗಡು ಹಾಕಿಸಿದ್ರೆ ನಿಂಗ್ಯಾಕೆ ಹೊಟ್ಟೆಉರಿ?" ಅಂದರು. ಸಭೆ ನಕ್ಕಿತು.

ಅವರು ಹೇಳಿದ ಲೆಕ್ಕ ಸುಳ್ಳೇನಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ, ಅದೇ ಆಗಸ್ಟಿನಲ್ಲಿ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣವಿರುವ ಸಂಕೀರ್ಣಕ್ಕೆ ಮುಖ್ಯಮಂತ್ರಿ ಒಪ್ಪಿಗೆ ಕೊಟ್ಟರು. ಅಂದಾಜು 1,650 ಕೋಟಿ ರೂಪಾಯಿ, ಕಟ್ಟುವ ಹೊಣೆ ಗೃಹಮಂಡಳಿಗೆ. ಮನೆ ಕಟ್ಟಲೆಂದು ಇರುವ ಮಂಡಳಿ ಸ್ಟೇಡಿಯಂ ಯಾಕೆ ಕಟ್ಟಬೇಕು ಅಂತ ನನಗೂ ಅನಿಸುತ್ತದೆ. ಆದರೆ ಆ ಸಭೆಯಲ್ಲಿ ನಾನು ಅದಕ್ಕೆ ಬಾಯಿ ಹಾಕಲಿಲ್ಲ. ಬೆಂಗಳೂರಿನ ಲೆಕ್ಕಕ್ಕೆ ಇಳಿದರೆ ನಮ್ಮ ತೂಬಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಡವಳಿಯಲ್ಲಿ ಬರೆದುಕೊಂಡಿದ್ದೀರಾ ಅಂತ ಮತ್ತೊಮ್ಮೆ ಕೇಳಿ ಕೂತೆ. ಬರೆದುಕೊಂಡಿದ್ದರು. ಆ ಒಂದು ಸಾಲು ಮುಂದೆ ಕೆಲಸಕ್ಕೆ ಬಂತು.

ಸಭೆ ಮುಗಿಸಿ ಬರುವಾಗ ನಮ್ಮ ಓಣಿಯಲ್ಲೇ ಇರುವ ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್ ಒಬ್ಬರು (ನಾವೆಲ್ಲ ಮಾಮ ಅನ್ನುತ್ತೇವೆ) ಹೇಳಿದ್ದು: "ಸ್ಟೇಡಿಯಂ ಬೇಕಾ ಬೇಡ್ವಾ ಅಂತ ಜಗಳ ಆಡಿದ್ರೆ ನೀನು ಸೋಲ್ತೀಯಮ್ಮ. ದುಡ್ಡು ಯಾವ ಲೆಕ್ಕಶೀರ್ಷಿಕೆಯಿಂದ ಬಂತು ಕೇಳು. ಅಲ್ಲಿ ಉತ್ತರ ಇರುತ್ತೆ." ಈ ಬರಹದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಮಾಮನ ಆ ಮಾತು ಸಾಕು.

ಯಾಕಂದರೆ ಪುರಸಭೆಗೆ ಬರುವ ದುಡ್ಡು ಒಂದೇ ಗಂಟು ಆಗಿರುವುದಿಲ್ಲ. ನಮ್ಮ ಮನೆ ತೆರಿಗೆ, ನೀರಿನ ಕರದ ಸ್ವಂತ ಆದಾಯ ಬೇರೆ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯ ಕೊಡುವ ಎಸ್‌ಎಫ್‌ಸಿ ಮುಕ್ತನಿಧಿ ಬೇರೆ. ರಾಜ್ಯದ ನಗರಾಭಿವೃದ್ಧಿ ಯೋಜನೆ ನಗರೋತ್ಥಾನದ್ದು ಬೇರೆ. ಕೇಂದ್ರದ 15ನೇ ಹಣಕಾಸು ಆಯೋಗದ್ದು (2021ರಿಂದ 2026ರ ಅವಧಿಯದು) ಬೇರೆ; ನಮ್ಮಂಥ ಊರುಗಳಿಗೆ ಅದರಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ದುಡ್ಡಾಗಿತ್ತು, ಸ್ಟೇಡಿಯಂಗೆ ಮುಟ್ಟುವಂತಿರಲಿಲ್ಲ. ಇದಲ್ಲದೆ ಸ್ವಂತ ಆದಾಯ ಮತ್ತು ಮುಕ್ತನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕೆಲಸಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. "ಫಂಡ್ ಇಲ್ಲ" ಅಂತ ಯಾರಾದರೂ ಅಂದರೆ ಮರುಪ್ರಶ್ನೆ ಇದೇ: ಇವುಗಳಲ್ಲಿ ಯಾವುದು ಇಲ್ಲ?

ಇದನ್ನು ಕೇಳಲು ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ತಾಲ್ಲೂಕು ಕಚೇರಿ ಎದುರಿನ ಬಾಂಡ್ ರೈಟರ್ ನನಗೆ ಮೊದಲೇ ಹೇಳಿದ್ದರಿಂದ ಒಂದಷ್ಟು ಅಲೆದಾಟ ತಪ್ಪಿತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರಬಾರದು. "ಯಾಕೆ ಚರಂಡಿ ಮಾಡಲಿಲ್ಲ" ಅಂತ ಕೇಳಿದರೆ "ಪ್ರಶ್ನೆಗಳಿಗೆ ಉತ್ತರಿಸಲು ಅವಕಾಶವಿಲ್ಲ" ಅಂತ ಹಿಂಬರಹ ಬರುತ್ತದೆ. ದಾಖಲೆಯನ್ನೇ ಹೆಸರಿಸಿ ಕೇಳಬೇಕು. ನಾನು ಎರಡು ಅರ್ಜಿ ಮಾಡಿದೆ. ಒಂದರಲ್ಲಿ ಕ್ರೀಡಾಂಗಣ ಎರಡನೇ ಹಂತದ ಅನುಮೋದಿತ ಕ್ರಿಯಾ ಯೋಜನೆ (ಯಾವ ಕೆಲಸಕ್ಕೆ ಯಾವ ದುಡ್ಡು ಎಂಬ ಪಟ್ಟಿ), ಅಂದಾಜು ಪಟ್ಟಿ, ಆಡಳಿತಾತ್ಮಕ ಮಂಜೂರಾತಿ, ಕಾರ್ಯಾದೇಶ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕ, ಇವುಗಳ ದೃಢೀಕೃತ ನಕಲು. ಇನ್ನೊಂದರಲ್ಲಿ ಶೇ 24.10ರ ಅಡಿ ಹಿಂದಿನ ಮೂರು ವರ್ಷದ ಕಾಮಗಾರಿ ಪಟ್ಟಿ ಮತ್ತು ಖರ್ಚಿನ ವಹಿ.

ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ರೂಪದಲ್ಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಿಗುವುದೇ ಒಂದು ಕಥೆ. ನಮ್ಮೂರ ಅಂಚೆ ಕಚೇರಿಯಲ್ಲಿ "ಸ್ಟಾಕ್ ಇಲ್ಲ, ಸೋಮವಾರ ಬನ್ನಿ". ಸೋಮವಾರವೂ ಇಲ್ಲ. ಕೊನೆಗೆ ಜಿಲ್ಲಾ ಕೇಂದ್ರಕ್ಕೆ ದಾರದ ಉಂಡೆ ತರಲು ಹೋದಾಗ ಪ್ರಧಾನ ಅಂಚೆ ಕಚೇರಿಯಲ್ಲಿ ಒಂದಷ್ಟು ಒಟ್ಟಿಗೇ ಕೊಂಡಿಟ್ಟೆ. ನೀವೂ ಹಾಗೇ ಮಾಡಿ. ಆನ್‌ಲೈನ್ ದಾರಿಯೂ ಇದೆ, ಆದರೆ ನನಗೆ ಮೊಹರು ಕಣ್ಣಿಗೆ ಕಂಡರೇ ಸಮಾಧಾನ. ಅಂಚೆಯಲ್ಲಿ ಕಳಿಸುವವರಿಗೆ ಇನ್ನೊಂದು ವಿಷಯ: ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ರಶೀದಿ ಬಿಸಾಡಬೇಡಿ.

ಅರ್ಜಿ ಕೊಟ್ಟ ಮೇಲೆ 30 ದಿನದ ಕಾಯುವಿಕೆ. ಕಾಗದಪತ್ರಕ್ಕಿಂತ ಕಷ್ಟವಾದದ್ದು ಇದು.

ಅರ್ಜಿ ಬಿದ್ದ ಸುದ್ದಿ ಅದೇ ಸಂಜೆ ಊರೆಲ್ಲ ಹಬ್ಬಿತು. ಗುತ್ತಿಗೆದಾರರ ಕಡೆಯವರೊಬ್ಬರು ಅಂಗಡಿಗೆ ಬಂದು, ಹೊಲಿಸಲು ಏನೂ ಇಲ್ಲದೆ, ಸ್ಟೂಲ್ ಮೇಲೆ ಕೂತು, "ಮಷೀನ್ ಎಷ್ಟಮ್ಮ ಇದು? ಬಾಡಿಗೆ ಅಂಗಡಿನಾ, ಸ್ವಂತದ್ದಾ?" ಅಂತ ಕೇಳಿ ಹೋದರು. ಬೈಯಲಿಲ್ಲ, ಬೆದರಿಸಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕಿಂತ ಹೆಚ್ಚು ನೋವಾದದ್ದು ಹುಡುಗರಿಂದ. ಊರಿನ ಕ್ರಿಕೆಟ್ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ "ಸ್ಟೇಡಿಯಂ ನಿಲ್ಲಿಸಲು ಹೊರಟವರು" ಅಂತ ನನ್ನ ಅಂಗಡಿಯ ಫೋಟೊ ಹಾಕಿದರು. ಯೂನಿಫಾರಂ ಪ್ಯಾಂಟ್ ಮಡಚಿಸಲು ಬರುತ್ತಿದ್ದ ಹುಡುಗರು ರಸ್ತೆಯ ಆ ಬದಿಯಲ್ಲಿ ನಡೆಯತೊಡಗಿದರು. ಮಗ ಶಾಲೆಯಿಂದ ಬಂದವನು, "ಅಮ್ಮ, ನೀನು ಆಟದ ವಿರೋಧಿನಾ?" ಅಂತ ಕೇಳಿದ. ಜಿಲ್ಲಾ ಮಟ್ಟದ ಖೋ ಖೋದಲ್ಲಿ ಮೊಣಕಾಲು ತರಚಿಕೊಂಡ ಕಲೆ ಇನ್ನೂ ಹೋಗದ ನನಗೆ ಈ ಮಾತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಮಹಿಳಾ ತಂಡ ಗೆದ್ದಾಗ, ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಖೋ ಖೋಗೆ ಬೇಕಿರುವುದು 27 ಮೀಟರ್ ಉದ್ದ, 16 ಮೀಟರ್ ಅಗಲದ ಸಮತಟ್ಟು ನೆಲ, ಎರಡು ಕಂಬ, ದಿನಾ ಸಂಜೆ ನಿಂತು ಹೇಳಿಕೊಡುವ ಒಬ್ಬರು. ನಮ್ಮ ಕ್ರೀಡಾಂಗಣದಲ್ಲಿ ಗ್ಯಾಲರಿ ಇದೆ, ಕಮಾನು ಇದೆ, ನೆಲದ ತುಂಬ ಗ್ರಾವೆಲ್ ಕಲ್ಲು ಎದ್ದು ಕೂತಿದೆ. ಬಿದ್ದರೆ ಚರ್ಮ ಉಳಿಯುವುದಿಲ್ಲ. ಗೇಟಿಗೆ ಬೀಗ. ವರ್ಷಕ್ಕೆ ಎರಡು ರಾಷ್ಟ್ರೀಯ ಹಬ್ಬಕ್ಕೆ, ಯಾರದ್ದಾದರೂ ಹೆಸರಿನ ಕಪ್ ಟೂರ್ನಮೆಂಟ್‌ಗೆ ತೆರೆಯುತ್ತದೆ. ಕಾಲೊನಿಯ ಸಂಘದಲ್ಲಿ ಚೆನ್ನಾಗಿ ವಾಲಿಬಾಲ್ ಆಡುವ ಒಬ್ಬ ಹುಡುಗ ಗುಂಪಿನಲ್ಲೇ ಉತ್ತರ ಹಾಕಿದ: "ಅಕ್ಕ ಗ್ಯಾಲರಿ ಬೇಡ ಅಂದಿರೋದು. ನಮಗೆ ಬೇಕಿರೋದು ನೆಲ. ನೀವು ಒಳಗೆ ಹೋಗಿ ಎಷ್ಟು ತಿಂಗಳಾಯ್ತು ಹೇಳ್ರಪ್ಪ." ಅದಾದ ಮೇಲೆ ಆ ಗುಂಪಿನಲ್ಲಿ ಸದ್ದು ಕಮ್ಮಿಯಾಯಿತಂತೆ. ಪ್ಯಾಂಟುಗಳು ಒಂದೊಂದಾಗಿ ಮತ್ತೆ ಅಂಗಡಿಗೆ ಬಂದವು.

ಕಟ್ಟಲು ಅನುದಾನ ಸುಲಭವಾಗಿ ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ಕಾವಲುಗಾರ, ರೋಲರ್, ನೀರು, ಕರೆಂಟ್ ಬಿಲ್ ಯಾವ ಫ್ಲೆಕ್ಸ್‌ನಲ್ಲೂ ಬರುವುದಿಲ್ಲ.

ಉತ್ತರ ಬಂತು. ಪತ್ರದ ಮೇಲಿನ ದಿನಾಂಕ ನೋಡಿದರೆ ಗಡುವಿನೊಳಗೇ ಇತ್ತು. ಲಕೋಟೆಯ ಅಂಚೆ ಮೊಹರು ನೋಡಿದರೆ ಗಡುವು ಕಳೆದು ಒಂದು ವಾರದ ಮೇಲೆ ಅಂಚೆಗೆ ಬಿದ್ದಿತ್ತು. ಲಕೋಟೆ ಎಸೆಯಬೇಡಿ ಅನ್ನುವುದು ಇದಕ್ಕೇ. 30 ದಿನ ದಾಟಿದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(6)ರಂತೆ ನಕಲುಗಳನ್ನು ಉಚಿತವಾಗಿ ಕೊಡಬೇಕು. ನಮ್ಮಲ್ಲಿ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಅಂತ ಬರೆದಿದ್ದರು. ಮೊತ್ತ ದೊಡ್ಡದಲ್ಲ, ಕಟ್ಟಿಬಿಡೋಣ ಅಂತ ಅನಿಸಿತು. ಮಾಮ ಬಿಡಲಿಲ್ಲ. "ಕಟ್ಟಿದ್ರೆ ತಡ ಆಗಿಲ್ಲ ಅಂತ ನೀನೇ ಒಪ್ಕೊಂಡಂಗೆ" ಅಂದರು. ಎರಡನೇ ಅರ್ಜಿಗೆ ಬಂದ ಉತ್ತರ ಇನ್ನೂ ಚೆಂದ: "ಮಾಹಿತಿ ಬೃಹತ್ ಪ್ರಮಾಣದಲ್ಲಿರುವುದರಿಂದ ನೀಡಲು ಸಾಧ್ಯವಿಲ್ಲ."

ಮೊದಲ ಮೇಲ್ಮನವಿಗೆ ಕರ್ನಾಟಕದಲ್ಲಿ ಶುಲ್ಕ ಇಲ್ಲ. ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಮೇಲ್ಮನವಿ ಅಧಿಕಾರಿ 30 ದಿನ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅದೂ ಸರಿಹೋಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗ. ಕಲಬುರಗಿ, ಬೆಳಗಾವಿಯಲ್ಲೂ ಪೀಠಗಳಿವೆ. ಮೇಲ್ಮನವಿ ಯಾರಿಗೆ ಸಲ್ಲಿಸಬೇಕು ಎಂಬುದು ಕಚೇರಿಯ ಬೋರ್ಡಿನಲ್ಲಿರಬೇಕು. ನಮ್ಮಲ್ಲಿ ಆ ಬೋರ್ಡಿನ ಮುಂದೆ ಬೀರು ನಿಲ್ಲಿಸಿದ್ದರು. ಬಗ್ಗಿ, ಬೀರು ಗೋಡೆಯ ಸಂದಿಯಲ್ಲಿ ಮೊಬೈಲ್ ತೂರಿಸಿ ಫೋಟೊ ತೆಗೆದು ಓದಿಕೊಂಡು ಮೇಲ್ಮನವಿ ಹಾಕಿದೆ.

ಆಗ ಮಾರ್ಚ್ ತಿಂಗಳು. ಮಾರ್ಚ್ ಅಂದರೆ ಬಿಲ್ಲುಗಳ ತಿಂಗಳು. ಆರ್ಥಿಕ ವರ್ಷ ಮುಗಿಯುವ ಮುನ್ನ ದುಡ್ಡು ಖಾಲಿ ಮಾಡುವ ತರಾತುರಿ. ನಮ್ಮ ಮೇಲ್ಮನವಿ ತೀರ್ಮಾನ ಆಗುವಷ್ಟರಲ್ಲಿ ಮೇಲ್ಛಾವಣಿಯ ಬಿಲ್ ಆಗಿಹೋದರೆ ಎಲ್ಲ ನೀರಲ್ಲಿ ಹೋಮ. ಹಾಗಾಗಿ ಆಡಳಿತಾಧಿಕಾರಿಗೆ ಬೇರೊಂದು ತಕರಾರು ಅರ್ಜಿ ಕೊಟ್ಟೆವು: ಈ ಕಾಮಗಾರಿಯ ಅನುದಾನದ ಮೂಲದ ಬಗ್ಗೆ ಮೇಲ್ಮನವಿ ಬಾಕಿ ಇದೆ, ಪರಿಶೀಲಿಸದೆ ಹಣ ಪಾವತಿ ಮಾಡಬಾರದು ಅಂತ. ಬಜೆಟ್ ಸಭೆಯ ನಡವಳಿಯ ಆ ಸಾಲನ್ನು ಇದಕ್ಕೆ ಲಗತ್ತಿಸಿದೆವು. ಪ್ರತಿಗಳು ಜಿಲ್ಲಾಧಿಕಾರಿಗೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ. ಲೆಕ್ಕಪತ್ರ ಶಾಖೆಯವರು ಲಿಖಿತ ತಕರಾರು ಇರುವ ಬಿಲ್ಲಿಗೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ ಅಂತ ಮಾಮ ಹೇಳಿದ್ದು ನಿಜವಾಯಿತು. ಬಿಲ್ ನಿಂತಿತು.

ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ. ವಕೀಲರು ಬೇಡ, ನಾವೇ ಹೋಗಬಹುದು. ಬಸ್ಸು, ಚಹಾ, ಅಂಗಡಿ ಮುಚ್ಚಿದ ಒಂದು ದಿನ. ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳಿ ಸಂಜೆ ನಾಲ್ಕಕ್ಕೆ ಒಳಗೆ ಕರೆದರು. ಕೂತದ್ದು ಹತ್ತು ನಿಮಿಷವೂ ಇಲ್ಲ. ಲಕೋಟೆ ತೋರಿಸಿದೆ. ಅಧಿಕಾರಿ ಮೊಹರಿನ ಮೇಲೆ ಬೆರಳಿಟ್ಟು ಎದುರಿಗಿದ್ದವರ ಮುಖ ನೋಡಿದರು. ನಕಲು ಉಚಿತವಾಗಿ ಕೊಡಿ, ಹೆಚ್ಚಿನ ಪ್ರಮಾಣದ ದಾಖಲೆಗಳನ್ನು ಖುದ್ದು ಪರಿಶೀಲಿಸಲು ಅವಕಾಶ ಮಾಡಿಕೊಡಿ ಅಂತ ಆದೇಶ ಆಯಿತು. ದಾಖಲೆ ನೋಡುವುದಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕೂ ಕಲಂ 2(ಜೆ)ನಲ್ಲಿದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪರಿಶೀಲನೆಗೆ ಮಾಮನನ್ನು, ಕಾಲೊನಿಯ ಸಂಘದ ಇಬ್ಬರನ್ನು ಕರೆದುಕೊಂಡು ಹೋದೆ. ಒಬ್ಬರೇ ಹೋಗಬೇಡಿ. ಅಂದಾಜು ಪಟ್ಟಿ ಓದಲು ಗೊತ್ತಿರುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು ಬೇಕೇ ಬೇಕು. ಹಳೆ ಮೇಜಿನ ಮೇಲೆ ಕಡತಗಳನ್ನು ಧೊಪ್ಪನೆ ಹಾಕಿ, ಫ್ಯಾನ್ ಆರಿಸಿ ಹೋದರು. ಕರೆಂಟ್ ಉಳಿತಾಯ ಇರಬಹುದು!

ಮಾಮ ಅಳತೆ ಪುಸ್ತಕ ಬದಿಗಿಟ್ಟು ಮೊದಲು ತೆರೆದದ್ದು ಕ್ರಿಯಾ ಯೋಜನೆಯ ಹಾಳೆ. ಕೊನೆಯ ಕಾಲಂನಲ್ಲಿ ಪೆನ್ನಿನಿಂದ ಬರೆದಿತ್ತು: ಎಸ್‌ಎಫ್‌ಸಿ ಮುಕ್ತನಿಧಿ, ಶೇ 24.10. ಗ್ಯಾಲರಿ ಮೇಲ್ಛಾವಣಿಯ ಮುಕ್ಕಾಲು ಪಾಲು ಅದರಿಂದ. ಟಿಪ್ಪಣಿ ಹಾಳೆಯಲ್ಲಿ ಕಾರಣವೂ ಇತ್ತು. ಸದರಿ ಕ್ರೀಡಾಂಗಣವನ್ನು ಪರಿಶಿಷ್ಟ ಜಾತಿ, ಪಂಗಡದ ಯುವಕರೂ ಬಳಸುವುದರಿಂದ ಅಂತ. ಕಾಲೊನಿಯ ಹುಡುಗ ಆ ಸಾಲನ್ನು ಜೋರಾಗಿ ಓದಿ, ಮತ್ತೊಮ್ಮೆ ಓದಿ, ಪುಸ್ತಕದಲ್ಲಿ ಬರೆದುಕೊಂಡ. ಅವನ ಮನೆ ತಗ್ಗಿನ ಸಾಲಿನಲ್ಲಿದೆ. ಅವನ ಹೆಸರಿನಲ್ಲಿ ಬಂದ ದುಡ್ಡು ಅವನಿಗೆ ಬೀಗ ಹಾಕಿದ ಗೇಟಿನ ಒಳಗೆ ಗಣ್ಯರಿಗೆ ನೆರಳಾಗುತ್ತಿತ್ತು.

ಇದು ನಮ್ಮೂರಿನ ಜಾಣತನ ಮಾತ್ರ ಅಂದುಕೊಂಡಿದ್ದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯಲ್ಲಿ ಪರಿಶಿಷ್ಟರ ಉಪಯೋಜನೆಯ (ಅವರಿಗೆಂದೇ ತೆಗೆದಿಟ್ಟ ಬಜೆಟ್ ಪಾಲಿನ) ಸುಮಾರು 700 ಕೋಟಿ ರೂಪಾಯಿ ಕ್ರೀಡಾಕೂಟದ ಕೆಲಸಗಳಿಗೆ ಹೋದದ್ದು ಹೊರಬಂದದ್ದೂ ಮಾಹಿತಿ ಹಕ್ಕಿನಿಂದಲೇ. ಆಗಿನ ಗೃಹ ಸಚಿವ ಪಿ. ಚಿದಂಬರಂ ರಾಜ್ಯಸಭೆಯಲ್ಲಿ ಅದು ತಪ್ಪು ಅಂತ ಒಪ್ಪಿಕೊಂಡರು. ನಮ್ಮ ರಾಜ್ಯದ 2013ರ ಉಪಯೋಜನೆ ಕಾಯ್ದೆಯಲ್ಲೂ 7(ಡಿ) ಅಂತ ಒಂದು ಕಲಂ ಇತ್ತು. ಎಲ್ಲರಿಗೂ ಆಗುವ ಕಾಮಗಾರಿಯಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೆ ಖರ್ಚಾಗಿದೆ ಅಂತ ಭಾವಿಸಿಕೊಳ್ಳಲು ಅದು ಬಾಗಿಲು ತೆರೆದಿಟ್ಟಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಪುರಸಭೆಯ 24.10 ಬೇರೆ ಸರ್ಕಾರಿ ಆದೇಶಗಳಿಂದ ಬಂದದ್ದು, ಆ ಕಾಯ್ದೆಯದಲ್ಲ. ಆದರೆ ನೆಪ ಅದೇ.

ಮುಂದಿನ ಮನವಿ ಬರೆಯುವುದು ಸುಲಭವಾಯಿತು. ಸ್ಟೇಡಿಯಂ ಬೇಡ ಅಂತ ಒಂದು ಪದವೂ ಅದರಲ್ಲಿ ಇರಲಿಲ್ಲ. ಶೇ 24.10ರ ಹಣವನ್ನು ಸಾರ್ವತ್ರಿಕ ಕಾಮಗಾರಿಗೆ ಹಾಕಲಾಗಿದೆ, ಇಗೋ ಪುಟ. ಅದೇ ಕಾಲೊನಿಯ ಚರಂಡಿಯ ಬೇಡಿಕೆ ಬಾಕಿ ಇದೆ, ಇಗೋ ಸ್ವೀಕೃತಿ ಸಂಖ್ಯೆ. ಕ್ರಿಯಾ ಯೋಜನೆ ಪರಿಷ್ಕರಿಸಿ. ಯೋಜನಾ ನಿರ್ದೇಶಕರಿಗೆ, ಜಿಲ್ಲಾಧಿಕಾರಿಗೆ, ಸಮಾಜ ಕಲ್ಯಾಣ ಇಲಾಖೆಗೆ ಸಂಘದವರ ಸಹಿಯಲ್ಲೇ ಹೋಯಿತು. ಲೋಕಾಯುಕ್ತಕ್ಕೆ ಹೋಗಿ ಅಂದವರೂ ಇದ್ದರು. ಅದಕ್ಕೆ ನಿಗದಿತ ನಮೂನೆ, ನೋಟರಿ ಮಾಡಿಸಿದ ಪ್ರಮಾಣಪತ್ರ ಬೇಕು. ಬರೆಸಿ ಇಟ್ಟುಕೊಂಡೆವು, ಹಾಕಲಿಲ್ಲ. ಚರಂಡಿ ಬೇಕಿತ್ತು, ಕೇಸು ಬೇಕಿರಲಿಲ್ಲ. ಹೀಗೆ ಮಾಡಿದ್ದು ಸರಿಯಲ್ಲ ಅನ್ನುವವರು ಓಣಿಯಲ್ಲಿ ಈಗಲೂ ಇದ್ದಾರೆ.

ಪರಿಷ್ಕೃತ ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕಿದ ದಿನ ಎಲ್ಲ ಮುಗಿಯಿತು ಅಂದುಕೊಂಡೆವು. ಇಲ್ಲ. ಚರಂಡಿ ಕೊನೆಗೆ ಸೇರುವುದು ಮುಖ್ಯರಸ್ತೆಯ ಆಚೆಯ ಹಳ್ಳಕ್ಕೆ. ಆ ರಸ್ತೆ ಪುರಸಭೆಯದಲ್ಲ, ಲೋಕೋಪಯೋಗಿಯದು. ರಸ್ತೆ ಅಗೆದು ಮೋರಿ ಹಾಕಲು ಅವರ ಒಪ್ಪಿಗೆ ಬೇಕು, ರಸ್ತೆ ದುರಸ್ತಿಯ ದುಡ್ಡು ಮೊದಲೇ ಕಟ್ಟಬೇಕು. ಅಂದಾಜು ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಮತ್ತೆ ತಿದ್ದಿಸಬೇಕಾಯಿತು. ಆಮೇಲೆ ಟೆಂಡರ್. ಮೊದಲ ಸಲ ಯಾರೂ ಹಾಕಲಿಲ್ಲ. ಎರಡನೇ ಸಲ ಒಬ್ಬರು ಹಾಕಿದರು. ಟೆಂಡರ್ ವಿವರ ರಾಜ್ಯ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಲಾಗಿನ್ ಬೇಡ, ಊರಿನ ಹೆಸರು ಹಾಕಿ ಹುಡುಕಿದರೆ ಸಾಕು. "ಇನ್ನೂ ಟೆಂಡರ್ ಕರೆದಿಲ್ಲ ಮೇಡಂ" ಅಂದಾಗ ನಾನು ಮೊಬೈಲ್ ತೆರೆದು ತೋರಿಸುತ್ತಿದ್ದೆ.

ಖರ್ಚು ಕೇಳುವವರಿಗೆ: ಪೋಸ್ಟಲ್ ಆರ್ಡರ್, ಸ್ಪೀಡ್ ಪೋಸ್ಟ್, ಜೆರಾಕ್ಸ್, ಫೋಟೊ ಪ್ರಿಂಟ್, ಬಸ್ ಚಾರ್ಜ್, ನೋಟರಿ ಎಲ್ಲ ಸೇರಿ ಮೂರು ಸಾವಿರದೊಳಗೆ. ಓಣಿ ಮತ್ತು ಕಾಲೊನಿಯವರು ಹಂಚಿಕೊಂಡರು. ನಾನು ಅಂಗಡಿ ಮುಚ್ಚಿದ ದಿನಗಳ ಲೆಕ್ಕ ಇದರಲ್ಲಿಲ್ಲ. ಲಂಚ ಒಂದು ಪೈಸೆ ಕೊಟ್ಟಿಲ್ಲ. ಯುಗಾದಿಗೆ ಟಪಾಲು ಶಾಖೆಯವರಿಗೆ ಹೋಳಿಗೆ ಕೊಟ್ಟಿದ್ದೆ. ಅದನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕೋ ಗೊತ್ತಿಲ್ಲ.

ಕ್ರೀಡಾಂಗಣದ ಕಡೆ ನೋಡಿದರೆ, ಗಣ್ಯರ ಕೊಠಡಿ ಅರ್ಧಕ್ಕೆ ನಿಂತಿದೆ, ಮೇಲ್ಛಾವಣಿಯ ಕಂಬಗಳಿಗೆ ತಗಡಿಲ್ಲ. ಬೇರೆ ಅನುದಾನ ತಂದು ಮುಗಿಸುತ್ತೇವೆ ಅಂತ ಮಾಜಿಗಳು ಹೇಳುತ್ತಿದ್ದಾರೆ. ತರಲಿ, ನಮ್ಮ ತಕರಾರಿಲ್ಲ. ಸಂಘದ ಹುಡುಗರು ಈಗ ಇನ್ನೊಂದು ಮನವಿ ಕೊಟ್ಟಿದ್ದಾರೆ: ದಿನಾ ಸಂಜೆ ನಾಲ್ಕರಿಂದ ಏಳರವರೆಗೆ ಗೇಟು ತೆರೆಯಬೇಕು, ಗ್ರಾವೆಲ್ ತೆಗೆದು ಕೆಮ್ಮಣ್ಣು ಹಾಕಿ ರೋಲರ್ ಹೊಡೆಸಬೇಕು. ಸ್ವೀಕೃತಿ ಸಂಖ್ಯೆ ಕೇಳದೆಯೇ ಸಿಕ್ಕಿತಂತೆ.

ಚರಂಡಿ ಕೆಲಸ ಇನ್ನೂ ಶುರುವಾಗಿಲ್ಲ. ಕಾರ್ಯಾದೇಶದಲ್ಲಿ ಉದ್ದ, ಅಗಲ, ಆಳ, ಕಾಂಕ್ರೀಟಿನ ದಪ್ಪ ಎಲ್ಲ ಇದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಕಾಲೊನಿಯ ಕಟ್ಟೆಯ ಮೇಲೂ ಹಾಕಿದ್ದೇವೆ, ಅಡಿಪಟ್ಟಿ ಇರುವವರು ಯಾರು ಬೇಕಾದರೂ ಅಳೆಯಲಿ ಅಂತ. ಅಳತೆ ಪುಸ್ತಕದ ನಕಲಿಗೆ ಅರ್ಜಿ ಈಗಲೇ ಬರೆದಿಟ್ಟಿದ್ದೇನೆ, ಪೋಸ್ಟಲ್ ಆರ್ಡರ್ ಪಿನ್ ಮಾಡಿದೆ. ಮೊದಲ ಬಿಲ್ ಆದ ದಿನ ಕೊಡುವುದು.